ಮಾನ್ಸೂನ್‌ಗಳ ನಡುವಿನ ನಂಟು: ಏಕೆ ಬಿಗಿಯಾಗುತ್ತದೆ, ಏಕೆ ಸಡಿಲವಾಗುತ್ತದೆ

1909ರಲ್ಲಿ ಭಾರತೀಯ ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರ್ ಮುಂಗಾರಿನ ಮುನ್ಸೂಚನೆಗೆ ಒಂದು ಸಮೀಕರಣ ಕಟ್ಟಿದರು. ಅದಕ್ಕೆ ಬೇಕಿದ್ದುದು ನಾಲ್ಕು ಅಂಕಿ: ಮೇ ಕೊನೆಗೆ ಹಿಮಾಲಯದಲ್ಲಿ ಉಳಿದ ಹಿಮ, ಮಾರ್ಚ್‌ನಿಂದ ಮೇವರೆಗೆ ದಕ್ಷಿಣ ಅಮೆರಿಕದ ವಾಯುಭಾರ, ಮೇ ತಿಂಗಳಲ್ಲಿ ಮಾರಿಷಸ್‌ನ ವಾಯುಭಾರ, ಏಪ್ರಿಲ್–ಮೇಯಲ್ಲಿ ಝಾಂಝಿಬಾರ್ ದ್ವೀಪದಲ್ಲಿ ಸುರಿದ ಮಳೆ. ನಾಲ್ಕನೆಯದನ್ನು ಗಮನಿಸಿ. ಪೂರ್ವ ಆಫ್ರಿಕಾದ ಮಳೆಗಾಲ ನೋಡಿ ಭಾರತದ ಮಳೆಗಾಲ ಹೇಗಿರುತ್ತದೆಂದು ಹೇಳುವ ಪ್ರಯತ್ನ ಅದು. ಹಿಂದಿನ ವರ್ಷಗಳ ದಾಖಲೆಯಲ್ಲಿ ಇವೆರಡಕ್ಕೂ ನಂಟು ಕಂಡಿತ್ತು. ದಶಕಗಳು ಉರುಳಿದಂತೆ ಸಮೀಕರಣದ ಹಲವು ಅಂಶಗಳ ಹಿಡಿತ ಸಡಿಲವಾಯಿತು, ಇಲಾಖೆ ಅದನ್ನು ಮತ್ತೆ ಮತ್ತೆ ತಿದ್ದಬೇಕಾಯಿತು.

ಎಂಬತ್ತು ವರ್ಷಗಳ ನಂತರವೂ ಅದೇ ಕಥೆ. 1988ರಿಂದ ಇಲಾಖೆ ಬಳಸಿದ್ದು ವಸಂತ ಗೋವಾರಿಕರ್ ತಂಡದ ಹದಿನಾರು ಅಂಶಗಳ ಮಾದರಿ. 1988ರಿಂದ 2001ರವರೆಗೆ ದೇಶದ ಮಟ್ಟದಲ್ಲಿ ಒಂದೂ ಬರ ಬೀಳಲಿಲ್ಲ, ಹಾಗಾಗಿ ಮಾದರಿಯೂ ತಪ್ಪಿದಂತೆ ಕಾಣಲಿಲ್ಲ. 2002ರಲ್ಲಿ ಅದು ದೀರ್ಘಾವಧಿ ಸರಾಸರಿಯ ಶೇ 101ರಷ್ಟು ಮಳೆ ಎಂದಿತು. ಬಂದದ್ದು ಶೇ 81. ಜುಲೈ ತಿಂಗಳೊಂದರಲ್ಲೇ ಸುಮಾರು ಅರ್ಧದಷ್ಟು ಮಳೆ ಕಾಣೆಯಾಗಿತ್ತು. ಮರುವರ್ಷ ಮಾದರಿಯನ್ನೇ ಬದಲಿಸಲಾಯಿತು.

ಲೆಕ್ಕ ಕಟ್ಟಿದವರು ದಡ್ಡರಾಗಿರಲಿಲ್ಲ. ವಾಕರ್ ಕೇಂಬ್ರಿಜ್‌ನಲ್ಲಿ ಗಣಿತದಲ್ಲಿ ಮೊದಲ ಸ್ಥಾನ ಪಡೆದವರು. ತೊಂದರೆ ಇದ್ದದ್ದು ಬೇರೆ ಕಡೆ. ದೂರದ ಎರಡು ಪ್ರದೇಶಗಳ ಮಳೆ ಜೊತೆಯಾಗಿ ಏರಿಳಿದರೆ ಅವುಗಳ ನಡುವೆ ಗಟ್ಟಿ ಹಗ್ಗವೊಂದಿದೆ ಎಂದು ನಾವು ಭಾವಿಸುತ್ತೇವೆ. ವಾತಾವರಣದಲ್ಲಿ ಅಂಥ ಹಗ್ಗವಿಲ್ಲ. ಮಳೆಯ ಬಿಸಿ, ಮೇಲ್ಗಾಳಿಯ ದಾರಿ, ಸಾಗರದ ಉಷ್ಣಾಂಶ ಮೂರೂ ಸೇರಿ ಆ ಹೊತ್ತಿಗೆ ಕಟ್ಟಿಕೊಡುವ ನಂಟು ಅದು. ಮೂರರಲ್ಲಿ ಒಂದು ಜರುಗಿದರೂ ನಂಟಿನ ಬಲ ಬದಲಾಗುತ್ತದೆ. ಇದನ್ನು ಚೆನ್ನಾಗಿ ತೋರಿಸುವ ಉದಾಹರಣೆ ಭಾರತದ ಮುಂಗಾರು ಮತ್ತು ಉತ್ತರ ಚೀನಾದ ಬೇಸಿಗೆ ಮಳೆಯ ಜೋಡಿ.

ಮೂರು ದಾರಿಗಳು

ಮೊದಲನೆಯದು, ಇಬ್ಬರಿಗೂ ಒಬ್ಬನೇ ಯಜಮಾನ ಇರುವ ದಾರಿ. 1876ರಲ್ಲಿ ದಖ್ಖನ್ ಒಳನಾಡಿಗೆ ಮಳೆ ಕೈಕೊಟ್ಟಿತು. 1877ರಲ್ಲಿ ಪೆಸಿಫಿಕ್ ಸಾಗರದಲ್ಲಿ ಎಲ್ ನಿನೊ, ಅಂದರೆ ಬಿಸಿನೀರು ಪೂರ್ವಕ್ಕೆ ಸರಿಯುವ ಸ್ಥಿತಿ, ಬಲವಾಗಿ ಎದ್ದಿತು. ಆ ವರ್ಷದ ಅಖಿಲ ಭಾರತ ಮುಂಗಾರು 1871ರಿಂದ ಇರುವ ದಾಖಲೆಯಲ್ಲೇ ಅತಿ ಕಡಿಮೆ. ಹಳೆ ಮೈಸೂರಿನ ಜನ ಧಾತು–ಈಶ್ವರ ಬರ ಎಂದು ನೆನಪಿಟ್ಟುಕೊಂಡದ್ದು ಇದನ್ನೇ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅದೇ ವರ್ಷಗಳಲ್ಲಿ ಉತ್ತರ ಚೀನಾದ ಶಾನ್ಷಿ, ಹೆನಾನ್ ಪ್ರಾಂತ್ಯಗಳಲ್ಲಿ ಕೋಟಿಯ ಆಸುಪಾಸಿನಷ್ಟು ಜನ ಹಸಿವಿನಿಂದ ಸತ್ತರು. ಬ್ರೆಜಿಲ್‌ನ ಈಶಾನ್ಯ ಭಾಗವೂ ಒಣಗಿತು. ಮೈಸೂರಿನ ಬರದಿಂದ ಚೀನಾದಲ್ಲಿ ಬರ ಬಂತು ಎನ್ನುವಂತಿಲ್ಲ. ಪೆಸಿಫಿಕ್‌ನ ಬಿಸಿನೀರು ಪೂರ್ವಕ್ಕೆ ಸರಿದಾಗ ಮೇಲೇರುವ ಗಾಳಿಯೂ ಜೊತೆಗೇ ಸರಿದು, ದಕ್ಷಿಣ ಏಷ್ಯಾದ ಮೇಲೆ ಗಾಳಿ ಕೆಳಗಿಳಿಯತೊಡಗುತ್ತದೆ. ಇಳಿಯುವ ಗಾಳಿ ಬಿಸಿಯಾಗಿ ಒಣಗುತ್ತದೆ, ಮೋಡ ಬೆಳೆಯಲು ಬಿಡುವುದಿಲ್ಲ. ಎರಡು ಪ್ರದೇಶ ಒಟ್ಟಿಗೆ ಒಣಗುವುದಕ್ಕೆ ಮೂರನೆಯ ಕಾರಣ ಒಂದೇ ಸಾಕು.

ಎರಡನೆಯದು ನೇರವಾದ ದಾರಿ, ಕುತೂಹಲದ್ದೂ ಹೌದು. ಒಂದು ಚದರ ಮೀಟರ್ ನೆಲದ ಮೇಲೆ ದಿನಕ್ಕೆ 10 ಮಿಲಿಮೀಟರ್ ಮಳೆ ಬಿತ್ತೆಂದರೆ 10 ಕಿಲೊ ನೀರು. ಒಂದು ಕಿಲೊ ಆವಿ ನೀರಾಗುವಾಗ ಸುಮಾರು 25 ಲಕ್ಷ ಜೂಲ್ ಶಾಖ ಹೊರಬರುತ್ತದೆ. ಗುಣಿಸಿ, ದಿನದ 86,400 ಸೆಕೆಂಡುಗಳಿಂದ ಭಾಗಿಸಿದರೆ ಚದರ ಮೀಟರಿಗೆ ಸುಮಾರು 290 ವ್ಯಾಟ್. ಭೂಮಿ ಒಟ್ಟಾರೆ ಸೂರ್ಯನಿಂದ ಹೀರುವ ಶಾಖದ ಸರಾಸರಿ ಸುಮಾರು 240 ವ್ಯಾಟ್ ಮಾತ್ರ. ಅಂದರೆ ಜುಲೈಯಲ್ಲಿ ಪಶ್ಚಿಮ ಘಟ್ಟ, ಬಂಗಾಳ ಕೊಲ್ಲಿ, ಮಧ್ಯ ಭಾರತದ ಮೇಲೆ ಆಕಾಶದಲ್ಲಿ ಒಂದು ದೈತ್ಯ ಒಲೆ ಉರಿಯುತ್ತಿರುತ್ತದೆ. ಈ ಶಾಖ ಬಹುಪಾಲು ಬಿಡುಗಡೆಯಾಗುವುದು ನೆಲದಿಂದ ಐದಾರು ಕಿಲೊಮೀಟರ್ ಎತ್ತರದ ಸುತ್ತಮುತ್ತ.

ಒಲೆಯ ಪ್ರಭಾವ ಎರಡು ದಿಕ್ಕಿಗೆ ಹೋಗುತ್ತದೆ. ಪಶ್ಚಿಮದ ಕಡೆ ಪೂರ್ವ ಮೆಡಿಟರೇನಿಯನ್ ಮತ್ತು ಪೂರ್ವ ಸಹಾರಾದ ಮೇಲೆ ಗಾಳಿ ಇಳಿಯುತ್ತದೆ. ಮಾರ್ಕ್ ರಾಡ್ವೆಲ್ ಮತ್ತು ಬ್ರಿಯಾನ್ ಹಾಸ್ಕಿನ್ಸ್ 1996ರಲ್ಲಿ ಕಂಪ್ಯೂಟರ್ ಮಾದರಿಯಲ್ಲಿ ಇದನ್ನು ತೋರಿಸಿಕೊಟ್ಟರು. ಗ್ರೀಸ್, ಟರ್ಕಿಯ ಬೇಸಿಗೆ ಅಷ್ಟು ಒಣಗಿರುವುದರಲ್ಲಿ ನಮ್ಮ ಮಳೆಯ ಪಾಲೂ ಇದೆ. ವಾಯವ್ಯದ ಕಡೆ, ಮಧ್ಯ ಏಷ್ಯಾದ ಪಶ್ಚಿಮ ಭಾಗದ ಆಕಾಶದಲ್ಲಿ ಅಧಿಕ ಒತ್ತಡದ ಒಂದು ದಿಬ್ಬ ಎದ್ದು ನಿಲ್ಲುತ್ತದೆ. ಅಲ್ಲೇ, 40 ಡಿಗ್ರಿ ಉತ್ತರ ಅಕ್ಷಾಂಶದ ಸುತ್ತ, ಸುಮಾರು 12 ಕಿಲೊಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಗಾಳಿ ಬೀಸುತ್ತಿರುತ್ತದೆ. ದಿಬ್ಬ ಎಬ್ಬಿಸಿದ ಅಲೆ ಈ ಜೆಟ್ ಹಿಡಿದು, ಕಾಲುವೆಗೆ ಬಿದ್ದ ನೀರಿನಂತೆ, ಆಚೀಚೆ ಹರಡದೆ ಪೂರ್ವಕ್ಕೆ ಸಾಗುತ್ತದೆ. ಒಂದು ದಿಬ್ಬ, ಒಂದು ತಗ್ಗು, ಮತ್ತೊಂದು ದಿಬ್ಬ. ವಾರ–ಹತ್ತು ದಿನದಲ್ಲಿ ಕೊನೆಯ ದಿಬ್ಬ ಉತ್ತರ ಚೀನಾ, ಕೊರಿಯಾದ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದರ ಪಶ್ಚಿಮ ಅಂಚಿನಲ್ಲಿ ದಕ್ಷಿಣದಿಂದ ತೇವ ತುಂಬಿದ ಗಾಳಿ ಏರಿ ಬರುವುದರಿಂದ ಬೀಜಿಂಗ್ ಸುತ್ತಮುತ್ತ ಮಳೆ. ಕಿಂಘುವಾ ಡಿಂಗ್ ಮತ್ತು ಬಿನ್ ವಾಂಗ್ 2005ರಲ್ಲಿ ಈ ಅಲೆಸಾಲು ಉತ್ತರಾರ್ಧಗೋಳವನ್ನೇ ಸುತ್ತಿಬರುವುದನ್ನು ವಿವರಿಸಿದರು.

ಒಂದು ಎಚ್ಚರಿಕೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಹುಟ್ಟಿದ ಅಲೆಯೂ ಇದೇ ಜೆಟ್ ಹಿಡಿದು ಬಂದು ಮಧ್ಯ ಏಷ್ಯಾದ ದಿಬ್ಬವನ್ನು ಎತ್ತಬಲ್ಲದು, ಅದರಿಂದ ಭಾರತದ ಮಳೆಯೂ ಹೆಚ್ಚಬಲ್ಲದು. ಆಗ ಭಾರತ ಮತ್ತು ಚೀನಾ ಎರಡೂ ಅಲೆಯನ್ನು ಪಡೆದವು, ಕಳಿಸಿದ್ದು ಬೇರೆಯವರು. ಮಳೆಯ ಅಂಕಿಗಳನ್ನಷ್ಟೇ ನೋಡಿದರೆ ಈ ಎರಡು ಸಂದರ್ಭಗಳ ನಡುವೆ ವ್ಯತ್ಯಾಸವೇ ತಿಳಿಯದು.

ಮೂರನೆಯದು ತೇವಾಂಶದ ದಾರಿ. ನೆಲದಿಂದ ಒಂದೂವರೆ ಕಿಲೊಮೀಟರ್ ಎತ್ತರದಲ್ಲಿ ಅರಬ್ಬೀ ಸಮುದ್ರ ದಾಟಿ ಬರುವ ಗಾಳಿ ಭಾರತ, ಬಂಗಾಳ ಕೊಲ್ಲಿ, ಇಂಡೊಚೀನಾ ಹಾದು ದಕ್ಷಿಣ ಚೀನಾ ಸೇರುತ್ತದೆ. ಇಲ್ಲಿ ನಂಟು ತಿರುಗುಮುರುಗಾಗಬಹುದು: ಭಾರತದ ಮೇಲೆ ಹರಿವು ಬಲವಾಗಿದ್ದ ಬೇಸಿಗೆಗಳಲ್ಲಿ ಪೂರ್ವ ಏಷ್ಯಾಕ್ಕೆ ಸಾಗುವ ತೇವ ಕಡಿಮೆ. ಆದ್ದರಿಂದ ಭಾರತದ ಮಳೆಗೂ ಯಾಂಗ್ಟ್ಸೆ ಕಣಿವೆ, ದಕ್ಷಿಣ ಜಪಾನಿನ ಮಳೆಗೂ ಎದುರುಬದುರಿನ ಸಂಬಂಧ. ಉತ್ತರ ಚೀನಾಕ್ಕೆ ಜೊತೆಜೊತೆಯ ಸಂಬಂಧ. ‘ಚೀನಾದ ಮಾನ್ಸೂನ್’ ಎಂದು ಒಂದೇ ಅಂಕಿಯಲ್ಲಿ ಹೇಳಿದರೆ ಇವೆರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಕರಾವಳಿಯ 3000 ಮಿಲಿಮೀಟರಿಗೂ ಮೀರಿದ ಮುಂಗಾರನ್ನೂ ಉತ್ತರ ಒಳನಾಡಿನ ಸುಮಾರು 500 ಮಿಲಿಮೀಟರನ್ನೂ ಕೂಡಿಸಿ ‘ಕರ್ನಾಟಕದ ಮಳೆ’ ಎಂದರೆ ಏನೂ ತಿಳಿಯದಂತೆಯೇ ಇದು.

1970ರ ದಶಕದ ಕೊನೆಯಲ್ಲಿ ಏನಾಯಿತು

ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ ಭಾರತ–ಉತ್ತರ ಚೀನಾ ನಂಟು ಬಿಗಿಯಾಗಿತ್ತು. 1970ರ ದಶಕದ ಕೊನೆಯ ನಂತರ ಅದು ಸಡಿಲವಾದದ್ದನ್ನು ಹಲವು ತಂಡಗಳು ಬೇರೆ ಬೇರೆ ದತ್ತಾಂಶಗಳಲ್ಲಿ ಕಂಡಿವೆ. ಹೆಚ್ಚುಕಡಿಮೆ ಅದೇ ಅವಧಿಯಲ್ಲಿ ಭಾರತದ ಮಳೆಯ ಮೇಲೆ ಎಲ್ ನಿನೊ ಹಿಡಿತವೂ ಸಡಿಲವಾದಂತೆ ಕಂಡಿತು. ಕೆ. ಕೃಷ್ಣಕುಮಾರ್, ಬಾಲಾಜಿ ರಾಜಗೋಪಾಲನ್, ಮಾರ್ಕ್ ಕೇನ್ 1999ರಲ್ಲಿ ಇದನ್ನು ಪ್ರಕಟಿಸಿದಾಗ ಅವರ ಬಳಿ ಬಲವಾದ ಸಾಕ್ಷಿಯೇ ಇತ್ತು. 1997ರ ಭಾರೀ ಎಲ್ ನಿನೊ ವರ್ಷದಲ್ಲಿ ಭಾರತಕ್ಕೆ ಸರಾಸರಿಗಿಂತ ತುಸು ಹೆಚ್ಚೇ, ಶೇ 102ರಷ್ಟು ಮಳೆ ಬಂದಿತ್ತು.

ಒಂದೇ ಕಾರಣವನ್ನು ಬೆರಳು ತೋರಿಸಿ ಹೇಳಲಾಗದು. ಹಲವು ಅಂಶಗಳು ಒಟ್ಟಿಗೆ ಬದಲಾಗಿದ್ದವು.

1976–77ರಲ್ಲಿ ಪೆಸಿಫಿಕ್ ಸಾಗರ ತನ್ನ ದಶಕಗಳ ಏರಿಳಿತದ ಇನ್ನೊಂದು ಮಗ್ಗುಲಿಗೆ ಹೊರಳಿತು. ಉಷ್ಣವಲಯದ ಪೆಸಿಫಿಕ್ ಬೆಚ್ಚಗಾಯಿತು, ಉತ್ತರ ಪೆಸಿಫಿಕ್‌ನ ನಡುಭಾಗ ತಣ್ಣಗಾಯಿತು. ಪಶ್ಚಿಮ ಪೆಸಿಫಿಕ್‌ನ ಅಧಿಕ ಒತ್ತಡದ ವಲಯ ಪಶ್ಚಿಮಕ್ಕೆ ಚಾಚಿತು. ಪೂರ್ವ ಏಷ್ಯಾದ ಮಳೆಪಟ್ಟಿ ಯಾಂಗ್ಟ್ಸೆ ಕಣಿವೆಯಲ್ಲೇ ತಂಗಿ, ಉತ್ತರಕ್ಕೆ ಏರುವುದು ಕಡಿಮೆಯಾಯಿತು. ದಕ್ಷಿಣದಲ್ಲಿ ನೆರೆ, ಉತ್ತರದಲ್ಲಿ ಬರ ಎಂದು ಚೀನಾದಲ್ಲಿ ಮಾತಾದದ್ದು ಈ ದಶಕಗಳಲ್ಲಿ. ಯಾಂಗ್ಟ್ಸೆ ಕೊಳ್ಳದ ನೀರನ್ನು ಬೀಜಿಂಗ್‌ಗೆ ಒಯ್ಯುವ ಕಾಲುವೆ ಯೋಜನೆಯ ಮಧ್ಯ ಮಾರ್ಗ 2014ರ ಡಿಸೆಂಬರ್‌ನಲ್ಲಿ ಹರಿಯತೊಡಗಿದ್ದರ ಹಿಂದೆ ನಗರಗಳ ದಾಹದ ಜೊತೆಗೆ ಈ ಒಣ ದಶಕಗಳೂ ಇವೆ.

ಜೊತೆಗೆ ಒಲೆಯೂ ಬದಲಾಯಿತು. 1950ರ ದಶಕದಿಂದ 2002ರ ಸುಮಾರಿನವರೆಗೆ ಮಧ್ಯ ಮತ್ತು ಉತ್ತರ ಭಾರತದ ಮಳೆ ಇಳಿಮುಖವಾಗಿತ್ತು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ತಂಡ 2015ರಲ್ಲಿ ಇದಕ್ಕೆ ಹಿಂದೂ ಮಹಾಸಾಗರದ ಕಡೆ ಬೆರಳು ಮಾಡಿತು. ಶತಮಾನದ ಅವಧಿಯಲ್ಲಿ ಪಶ್ಚಿಮ ಹಿಂದೂ ಮಹಾಸಾಗರ ಬೇಸಿಗೆಯಲ್ಲಿ 1.2 ಡಿಗ್ರಿಯವರೆಗೆ ಬಿಸಿಯಾಗಿದೆ. ನೆಲ–ನೀರಿನ ಬಿಸಿ ವ್ಯತ್ಯಾಸ ಕುಗ್ಗಿದರೆ ಮುಂಗಾರಿನ ಎಳೆತವೂ ಕುಗ್ಗುತ್ತದೆ. ಇನ್ನೊಂದು ಕಾರಣ ಹೊಗೆ. ಗಂಧಕದ ಕಣಗಳು ಬಿಸಿಲನ್ನು ಹಿಂದಕ್ಕೆ ಚದುರಿಸಿ ನೆಲವನ್ನು ತಂಪಾಗಿಸುತ್ತವೆ. 1950ರಿಂದ 1980ರವರೆಗೆ ಈ ಕಣಗಳ ದೊಡ್ಡ ಪಾಲು ಯುರೋಪ್ ಮತ್ತು ಅಮೆರಿಕದ್ದು. ಉತ್ತರಾರ್ಧಗೋಳ ದಕ್ಷಿಣಾರ್ಧಕ್ಕಿಂತ ತಂಪಾದಾಗ ಉಷ್ಣವಲಯದ ಮಳೆಪಟ್ಟಿ ದಕ್ಷಿಣಕ್ಕೆ ಜಾರುತ್ತದೆ. ಆಫ್ರಿಕಾದ ಸಹೇಲ್ ಪ್ರದೇಶವನ್ನು 1970, 80ರ ದಶಕಗಳಲ್ಲಿ ಹಿಂಡಿದ ಬರದಲ್ಲಿ ಇದರ ಪಾಲಿದೆ. ಭಾರತ ಮತ್ತು ಪಶ್ಚಿಮ ಆಫ್ರಿಕಾದ ಮಾನ್ಸೂನ್‌ಗಳು ಆಗ ಒಟ್ಟಿಗೆ ಕುಗ್ಗಿದ್ದಕ್ಕೆ ಅವು ಒಂದನ್ನೊಂದು ಎಳೆದದ್ದು ಕಾರಣವಾಗಿರಬೇಕೆಂದಿಲ್ಲ, ಈ ಸಾಮಾನ್ಯ ತಂಪೂ ಆಗಿರಬಹುದು.

ಆಮೇಲೆ ಹೊಗೆ ಪೂರ್ವಕ್ಕೆ ಬಂತು. ಯುರೋಪ್, ಅಮೆರಿಕ ತಮ್ಮ ಗಾಳಿಯನ್ನು ಶುದ್ಧಮಾಡಿಕೊಂಡವು, ಚೀನಾ ಮತ್ತು ಭಾರತ ಕಲ್ಲಿದ್ದಲು ಸುಟ್ಟವು. 2013ರ ನಂತರ ಚೀನಾ ಗಂಧಕವನ್ನು ಬಿರುಸಾಗಿ ಇಳಿಸಿತು. ಭಾರತದಲ್ಲಿ ಅಂಥ ಇಳಿಕೆ ಆಗಲಿಲ್ಲ. ನೆರೆಹೊರೆಯ ಎರಡು ಮಾನ್ಸೂನ್‌ಗಳ ಮೇಲಿನ ಹೊಗೆಯ ಮುಸುಕು ಹೀಗೆ ಬೇರೆ ಬೇರೆ ದಿಕ್ಕಿಗೆ ಹೋಗುತ್ತಿರುವಾಗ, ಅವುಗಳ ನಂಟು ಐವತ್ತು ವರ್ಷದ ಹಿಂದಿನಂತೆಯೇ ಇರಬೇಕೆಂದು ಬಯಸುವುದೇ ವಿಚಿತ್ರ.

ಅಟ್ಲಾಂಟಿಕ್‌ನ ಪಾತ್ರವನ್ನು ನಮ್ಮ ಕಡೆಯ ಬರಹಗಳಲ್ಲಿ ಹೆಚ್ಚಾಗಿ ಮರೆಯುತ್ತಾರೆ. ಗಿನಿ ಕೊಲ್ಲಿಯ ನೀರು ಬೆಚ್ಚಗಾದರೆ ಅಲ್ಲಿನ ಕರಾವಳಿಗೆ ಮಳೆ ಹೆಚ್ಚು, ಭಾರತಕ್ಕೆ ಕಡಿಮೆ, ತಣ್ಣಗಿದ್ದರೆ ತದ್ವಿರುದ್ಧ. 1970ರ ದಶಕದ ನಡುವಿನಿಂದ ಮುಂದಿನ ಎಲ್ ನಿನೊ ಬೇಸಿಗೆಗಳಲ್ಲಿ ಅಟ್ಲಾಂಟಿಕ್‌ನ ಆ ಭಾಗ ತಣ್ಣಗಿರುವುದು ಹೆಚ್ಚಾಗಿ, ಪೆಸಿಫಿಕ್ ಕಿತ್ತುಕೊಂಡದ್ದರಲ್ಲಿ ಸ್ವಲ್ಪವನ್ನು ಅಟ್ಲಾಂಟಿಕ್ ಮರಳಿಸಿತು. 1997ರಲ್ಲಿ ಆ ಕೆಲಸ ಮಾಡಿದ್ದು ಮುಖ್ಯವಾಗಿ ಹಿಂದೂ ಮಹಾಸಾಗರದ ದ್ವಿಧ್ರುವ, ಅಂದರೆ ಸಾಗರದ ಪಶ್ಚಿಮ ಭಾಗ ಬೆಚ್ಚಗಾಗಿ ಸುಮಾತ್ರಾ ಕಡೆ ತಣ್ಣಗಾಗುವ ಸ್ಥಿತಿ. ಇದನ್ನು 1999ರಲ್ಲಿ ಗುರುತಿಸಿದ ನಾಲ್ವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಎನ್. ವಿನಯಚಂದ್ರನ್ ಒಬ್ಬರು.

ನಿಜವಾಗಿ ಬದಲಾಯಿತೇ? ಲೆಕ್ಕ ಹಾಕುವ ಬಗೆ

ನಂಟು ‘ಸಡಿಲವಾಯಿತು’ ಎಂದು ಬರೆಯುವವರಲ್ಲಿ ಹೆಚ್ಚಿನವರು ಮಾಡುವುದು ಒಂದೇ ಲೆಕ್ಕ. ಎರಡು ಮಳೆ ಸರಣಿಗಳನ್ನು ತೆಗೆದುಕೊಂಡು 21 ವರ್ಷದ ಕಿಟಕಿ ಇಟ್ಟು, ಅದರೊಳಗಿನ ಸಹಸಂಬಂಧ, ಅಂದರೆ ಎರಡೂ ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂದು ಹೇಳುವ −1ರಿಂದ 1ರವರೆಗಿನ ಅಂಕಿ, ಹುಡುಕುತ್ತಾರೆ. ಕಿಟಕಿಯನ್ನು ಒಂದು ವರ್ಷ ಮುಂದೆ ಸರಿಸಿ ಮತ್ತೆ ಹುಡುಕುತ್ತಾರೆ. ಬಂದ ಅಂಕಿಗಳನ್ನು ಜೋಡಿಸಿದರೆ ಏರಿಳಿಯುವ ಗೆರೆ. 21 ವರ್ಷಕ್ಕೆ 0.43, 31 ವರ್ಷಕ್ಕೆ 0.36 ದಾಟಿದರೆ ಶೇ 95ರ ಮಟ್ಟದಲ್ಲಿ ಅರ್ಥಪೂರ್ಣ, ಅಂದರೆ ಬರೀ ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ, ಎಂಬುದು ಪುಸ್ತಕದ ನಿಯಮ. ಗೆರೆ 0.43ರ ಕೆಳಗೆ ಬಿದ್ದ ತಕ್ಷಣ ‘ನಂಟು ಮುರಿಯಿತು’ ಎಂಬ ತಲೆಬರಹ.

ಇದು ಸಾಲದು. ನಿಜವಾದ ಸಹಸಂಬಂಧ ನೂರು ವರ್ಷವೂ ಕದಲದೆ −0.6 ಇದೆ ಎಂದುಕೊಳ್ಳಿ. ಎಲ್ ನಿನೊ ಮತ್ತು ಭಾರತದ ಮಳೆಯ ನಡುವಿನ ದೀರ್ಘಾವಧಿ ಅಂಕಿ ಸುಮಾರು −0.5ರಿಂದ −0.6ರ ಆಸುಪಾಸಿನಲ್ಲೇ ಇದೆ. ಅದರಿಂದ 21 ವರ್ಷ ಎತ್ತಿಕೊಂಡು ಲೆಕ್ಕ ಹಾಕಿದರೆ ಎಷ್ಟು ಬರಬಹುದು? ಸಹಸಂಬಂಧ ಎಷ್ಟು ಓಲಾಡಬಹುದೆಂದು ಅಳೆಯುವ ಸಂಖ್ಯಾಶಾಸ್ತ್ರದ ಸೂತ್ರವಾದ ಫಿಶರ್ ರೂಪಾಂತರ ಬಳಸಿ: −0.6ರ ರೂಪಾಂತರಿತ ಮೌಲ್ಯ −0.693, ಪ್ರಮಾಣಿತ ದೋಷ 18ರ ವರ್ಗಮೂಲದ ವಿಲೋಮ, ಅಂದರೆ 0.236, ಅದಕ್ಕೆ 1.96 ಗುಣಿಸಿ ಕೂಡಿ ಕಳೆದು ಹಿಂದಿರುಗಿಸಿದರೆ −0.82ರಿಂದ −0.23. ವಾತಾವರಣದಲ್ಲಿ ಒಂದು ಎಳೆಯೂ ಬದಲಾಗದೆ ಸಹಸಂಬಂಧ ಇಷ್ಟು ಓಲಾಡಬಲ್ಲದು. ನಿಜವಾದ ನಂಟು 0.4 ಆಗಿದ್ದರೆ ಇನ್ನೂ ಕಷ್ಟ: −0.04ರಿಂದ 0.71ರವರೆಗೆ ಏನೂ ಬರಬಹುದು. ಸಾಲದ್ದಕ್ಕೆ ಪಕ್ಕಪಕ್ಕದ ಎರಡು ಕಿಟಕಿಗಳಲ್ಲಿ 20 ವರ್ಷ ಒಂದೇ. ಹಾಗಾಗಿ ಗೆರೆ ನಯವಾಗಿ, ದಶಕಗಳ ಲಯವಿದ್ದಂತೆ ಕಾಣುತ್ತದೆ. ಆ ಲಯವನ್ನು ಕಿಟಕಿಯೇ ಕೊಟ್ಟಿರುತ್ತದೆ. ಅಲೆಕ್ಸಾಂಡರ್ ಗೆರ್ಶುನೊವ್ ಮತ್ತು ಸಂಗಡಿಗರು 2001ರಲ್ಲಿ ಎಲ್ ನಿನೊ–ಮುಂಗಾರು ನಂಟಿನ ಬಗ್ಗೆ ಎತ್ತಿದ ಆಕ್ಷೇಪ ಇದೇ, ಮತ್ತು ಅದಕ್ಕೆ ತೃಪ್ತಿಕರ ಉತ್ತರ ಕೊಡದೆ ಬರೆದ ಪ್ರಬಂಧಗಳು ಇಂದಿಗೂ ಬರುತ್ತಿವೆ.

ಪರೀಕ್ಷಿಸುವ ದಾರಿ ಸರಳ. ಕಂಪ್ಯೂಟರಿನಲ್ಲಿ ಸ್ಥಿರ ಸಹಸಂಬಂಧವುಳ್ಳ ಎರಡು ಕೃತಕ ಸರಣಿಗಳನ್ನು ಸಾವಿರ ಸಲ ಹುಟ್ಟಿಸಿ. ಪ್ರತಿ ಸಲವೂ ಅದೇ 21 ವರ್ಷದ ಕಿಟಕಿ ಸರಿಸಿ, ಗೆರೆಯ ಗರಿಷ್ಠ–ಕನಿಷ್ಠಗಳ ಅಂತರ ಬರೆದಿಡಿ. ನಿಜವಾದ ದತ್ತಾಂಶದ ಅಂತರ ಈ ಸಾವಿರದಲ್ಲಿ 950ಕ್ಕಿಂತ ದೊಡ್ಡದಾಗಿದ್ದರೆ ಮಾತ್ರ ‘ಬದಲಾಯಿತು’ ಎನ್ನುವುದಕ್ಕೆ ಆಧಾರ. ವರ್ಷವೊಂದನ್ನು ಮೊದಲೇ ಕಣ್ಣಳತೆಯಲ್ಲಿ ಆರಿಸಿಕೊಂಡು, ಅದರ ಹಿಂದು–ಮುಂದನ್ನು ಹೋಲಿಸಿದರೆ ಪರೀಕ್ಷೆ ಕೆಟ್ಟಂತೆಯೇ. ಗೆರೆ ಎಲ್ಲಿ ಬಾಗಿದೆ ಎಂದು ನೋಡಿಯೇ ಆ ವರ್ಷವನ್ನು ಆರಿಸಿರುತ್ತೀರಿ. ನೂರು ಜಾಗಗಳನ್ನು ಹುಡುಕಿ ಅತಿ ಬಲವಾದ ನಂಟನ್ನು ಹೆಕ್ಕುವುದೂ ಇಂಥದ್ದೇ: ಯಾವ ನಂಟೂ ಇಲ್ಲದಿದ್ದರೂ ಸುಮಾರು ಐದು ಜಾಗ ಶೇ 5ರ ಪರೀಕ್ಷೆ ದಾಟುತ್ತವೆ. ಈ ಅಪಾಯವನ್ನು 1914ರಷ್ಟು ಹಿಂದೆಯೇ ಲೆಕ್ಕ ಹಾಕಿ ತೋರಿಸಿದ್ದು ವಾಕರ್ ಅವರೇ.

ಮುಂದಿನ ಹೆಜ್ಜೆ, ಯಜಮಾನನನ್ನು ಪಕ್ಕಕ್ಕಿಟ್ಟು ನೋಡುವುದು. ಭಾರತ–ಉತ್ತರ ಚೀನಾ 0.45, ಭಾರತ–ಎಲ್ ನಿನೊ −0.6, ಉತ್ತರ ಚೀನಾ–ಎಲ್ ನಿನೊ −0.4 ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಕೊನೆಯ ಎರಡರ ಗುಣಲಬ್ಧ 0.24ನ್ನು ಮೊದಲನೆಯದರಿಂದ ಕಳೆಯಿರಿ: 0.21. ಅದನ್ನು (1−0.36) ಮತ್ತು (1−0.16)ರ ಗುಣಲಬ್ಧದ ವರ್ಗಮೂಲ 0.73ರಿಂದ ಭಾಗಿಸಿ: ಸುಮಾರು 0.29. ಅರ್ಧಕ್ಕೆ ಹತ್ತಿರದ ನಂಟು ಎಲ್ ನಿನೊ ತೆಗೆದ ಮೇಲೆ ಮೂರನೆ ಒಂದಕ್ಕೂ ಕಡಿಮೆ. ಈ ಉಳಿಕೆಯಷ್ಟೇ ಅಲೆ ಮತ್ತು ತೇವದ ದಾರಿಗಳಿಗೆ ಸಲ್ಲಬೇಕಾದದ್ದು. ಮೂಲ ಅಂಕಿ ಕುಸಿದು ಉಳಿಕೆ ಹಾಗೇ ಇದ್ದರೆ, ಜರುಗಿದ್ದು ಎಲ್ ನಿನೊ ಕಡೆಯ ಕೊಂಡಿ. ಉಳಿಕೆಯೂ ಕುಸಿದರೆ ಜೆಟ್ ಕಡೆ ನೋಡಬೇಕು.

ದತ್ತಾಂಶದಲ್ಲಿ ಎಡವುವ ಕಡೆಗಳೂ ಇವೆ. ಭಾರತಕ್ಕೆ 1871ರಿಂದ 306 ಮಾಪನ ಕೇಂದ್ರಗಳ ಸರಣಿಯೂ, 1901ರಿಂದ ಹವಾಮಾನ ಇಲಾಖೆಯ ಕಾಲು ಡಿಗ್ರಿ ಚೌಕಗಳ ದತ್ತಾಂಶವೂ ಸಿಗುತ್ತದೆ. ಚೀನಾದ ದಟ್ಟ ಮಾಪನ ಜಾಲ ಶುರುವಾದದ್ದು 1950ರ ದಶಕದಲ್ಲಿ. ಮೇಲ್ಗಾಳಿಯ ಚಿತ್ರಕ್ಕೆ ಎಲ್ಲರೂ ಅವಲಂಬಿಸುವ ಮರುವಿಶ್ಲೇಷಣೆ ದತ್ತಾಂಶಕ್ಕೆ (ಹಳೆಯ ಅಳತೆಗಳನ್ನು ಕಂಪ್ಯೂಟರ್ ಮಾದರಿಯೊಳಗೆ ಹಾಕಿ ಕಟ್ಟಿದ ಹವಾಮಾನದ ಚಿತ್ರ) ಉಪಗ್ರಹಗಳ ಮಾಹಿತಿ ತುಂಬತೊಡಗಿದ್ದು 1979ರಿಂದ. ಅನುಕೂಲಕ್ಕೋ ಅನನುಕೂಲಕ್ಕೋ, ನಂಟು ಸಡಿಲವಾಯಿತು ಎನ್ನುವ ವರ್ಷಗಳೂ ಅವೇ. ಆದ್ದರಿಂದ ನೆಲದ ಮಳೆಮಾಪಕಗಳಲ್ಲಿ ಕಾಣದ, ಮರುವಿಶ್ಲೇಷಣೆಯಲ್ಲಿ ಮಾತ್ರ ಕಾಣುವ ತಿರುವನ್ನು ನಂಬುವುದಕ್ಕೆ ಅವಸರ ಬೇಡ. ಚೌಕಗಳ ಸರಾಸರಿ ತೆಗೆಯುವಾಗ ಅಕ್ಷಾಂಶದ ಕೊಸೈನ್‌ನಿಂದ ತೂಕ ಕೊಡುವುದನ್ನು ಮರೆತರೆ ಉತ್ತರದ ಚೌಕಗಳು ತಮ್ಮ ವಿಸ್ತೀರ್ಣಕ್ಕಿಂತ ಹೆಚ್ಚು ಮಾತಾಡುತ್ತವೆ. ಸರಣಿಗಳ ದೀರ್ಘಾವಧಿ ಏರಿಕೆ–ಇಳಿಕೆಯನ್ನು ಮೊದಲೇ ತೆಗೆಯದಿದ್ದರೆ, ಎರಡೂ ಇಳಿಯುತ್ತಿವೆ ಎಂಬ ಒಂದೇ ಕಾರಣಕ್ಕೆ ನಂಟು ಹುಟ್ಟಿಬಿಡುತ್ತದೆ. ತಿಂಗಳುಗಳೂ ಹೊಂದಬೇಕು: ನಮ್ಮ ಮುಂಗಾರು ಜೂನ್‌ನಿಂದ ಸೆಪ್ಟೆಂಬರ್, ಉತ್ತರ ಚೀನಾದ ಮಳೆಯ ಬಹುಪಾಲು ಜುಲೈ–ಆಗಸ್ಟ್.

ಒಂದೇ ವರ್ಷ ನೋಡಿ ತೀರ್ಪು ಕೊಡುವುದಂತೂ ಬೇಡವೇ ಬೇಡ. 2023ರ ಆಗಸ್ಟ್ ಭಾರತಕ್ಕೆ 1901ರ ನಂತರದ ಅತಿ ಒಣ ಆಗಸ್ಟ್. ಅದರ ಹೊಸ್ತಿಲಲ್ಲೇ ಡೋಕ್ಸುರಿ ಚಂಡಮಾರುತದ ಅವಶೇಷ ಬೀಜಿಂಗ್‌ನ ಒಂದು ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ 744.8 ಮಿಲಿಮೀಟರ್ ಸುರಿಸಿತು. ಇದು ನಂಟು ತಲೆಕೆಳಗಾದ ಸಾಕ್ಷಿಯಲ್ಲ. ಚಂಡಮಾರುತ ಯಾವ ನಂಟನ್ನೂ ಕೇಳಿ ಬರುವುದಿಲ್ಲ.

ಎಲ್ ನಿನೊ ನಂಟಿನ ವಿಷಯಕ್ಕೆ ಬಂದರೆ, ‘ಸಡಿಲವಾಯಿತು’ ಎಂದು ಹೇಳಿದ ನಂತರದ ವರ್ಷಗಳು ಆ ಮಾತಿಗೆ ಒಗ್ಗಲಿಲ್ಲ. ಎಲ್ ನಿನೊ ಇದ್ದ 2002ರಲ್ಲಿ ಶೇ 81, 2009ರಲ್ಲಿ ಶೇ 78, 2015ರಲ್ಲಿ ಶೇ 86, 2023ರಲ್ಲಿ ಶೇ 94. ಈಗ ಹೊರಹೊಮ್ಮುತ್ತಿರುವ ಚಿತ್ರ ಪ್ರದೇಶವಾರು: ಉತ್ತರ ಭಾರತದಲ್ಲಿ ಎಲ್ ನಿನೊ ಹಿಡಿತ ಬಿಗಿಯಾಗಿದೆ, ಮಧ್ಯ ಭಾರತದಲ್ಲಿ ಸಡಿಲವಾಗಿದೆ, ದಕ್ಷಿಣದಲ್ಲಿ ಹೆಚ್ಚು ಬದಲಾಗಿಲ್ಲ. ದೇಶಕ್ಕೆಲ್ಲ ಒಂದೇ ಅಂಕಿ ತೆಗೆದರೆ ಬಿಗಿಯೂ ಸಡಿಲವೂ ಬೆರೆತುಹೋಗುತ್ತವೆ.

ಇಷ್ಟೆಲ್ಲ ಆದ ಮೇಲೂ ಭಾರತ–ಉತ್ತರ ಚೀನಾ ನಂಟಿನ ಸಡಿಲಿಕೆ ಬರೀ ಅಂಕಿಗಳ ಆಟ ಎಂದು ತಳ್ಳಿಹಾಕುವುದೂ ಸರಿಯಲ್ಲ. ಪೆಸಿಫಿಕ್‌ನ ಹೊರಳು, ಚೀನಾದ ಮಳೆಪಟ್ಟಿಯ ಸ್ಥಳಾಂತರ, ಒಲೆಯ ಕುಗ್ಗುವಿಕೆ ಮೂರೂ ಸ್ವತಂತ್ರವಾಗಿ ಅಳೆಯಲ್ಪಟ್ಟಿವೆ, ಮೂರೂ ಒಂದೇ ದಿಕ್ಕು ತೋರಿಸುತ್ತವೆ. ಅಂಕಿಯ ಬೆನ್ನಿಗೆ ಇಂಥ ಭೌತಿಕ ಕಾರಣವಿದ್ದಾಗ ನಂಬಿಕೆ ಹೆಚ್ಚು. ಝಾಂಝಿಬಾರ್ ಮಳೆಯ ಬೆನ್ನಿಗೆ ಅದು ಇರಲಿಲ್ಲ.

ಕಿಟಕಿಯ ತೊಂದರೆಯನ್ನು ಬೇರು ಸಮೇತ ಕೀಳುವ ಇನ್ನೊಂದು ವಿಧಾನ ಇದೆ. ಹ್ಯಾಂಬರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಹವಾಮಾನ ಸಂಸ್ಥೆ ತನ್ನ ಮಾದರಿಯನ್ನು ನೂರು ಸಲ ಓಡಿಸಿದೆ: ಹೊರಗಿನ ಕಾರಣಗಳು ನೂರರಲ್ಲೂ ಒಂದೇ, ಆರಂಭದ ಸ್ಥಿತಿ ಮಾತ್ರ ಬೇರೆ. ಆಗ ಒಂದು ನಿರ್ದಿಷ್ಟ ವರ್ಷದ ನೂರು ಬೇಸಿಗೆಗಳ ನಡುವೆಯೇ ಸಹಸಂಬಂಧ ಲೆಕ್ಕ ಹಾಕಬಹುದು, ಮರುವರ್ಷಕ್ಕೆ ಮತ್ತೆ ನೂರು. ಕಿಟಕಿಯೇ ಬೇಡ. ಕೊರತೆ ಒಂದೇ: ಮಾದರಿಯ ಮುಂಗಾರು ನಿಜವಾದ ಮುಂಗಾರಲ್ಲ, ಭಾರತದ ನೆಲದ ಮೇಲಿನ ಮಳೆಯನ್ನು ಇಂಥ ಮಾದರಿಗಳು ಸಾಮಾನ್ಯವಾಗಿ ಕಡಿಮೆ ತೋರಿಸುತ್ತವೆ. ಒಲೆ ಜಾಗ ತಪ್ಪಿದರೆ ಅಲೆಯೂ ಜಾಗ ತಪ್ಪುತ್ತದೆ.

ಸಾವಿರಾರು ವರ್ಷಗಳ ಅಳತೆಯಲ್ಲಿ

ನೂರೈವತ್ತು ವರ್ಷದ ದಾಖಲೆ ಸಾಲದೆಂದಾಗ ಗುಹೆಗಳಿಗೆ ಹೋಗುತ್ತಾರೆ. ಸುಣ್ಣಕಲ್ಲಿನ ಗುಹೆಯಲ್ಲಿ ತೊಟ್ಟಿಕ್ಕುವ ನೀರು ಬಿಟ್ಟುಹೋದ ಪದರಗಳಲ್ಲಿ ಭಾರ ಮತ್ತು ಹಗುರ ಆಮ್ಲಜನಕದ ಪ್ರಮಾಣ ಅಳೆದು, ಯುರೇನಿಯಂ–ಥೋರಿಯಂ ವಿಧಾನದಿಂದ ವಯಸ್ಸು ಕಟ್ಟುತ್ತಾರೆ. ನಾಂಜಿಂಗ್ ಬಳಿಯ ಹುಲು ಗುಹೆ, ದಕ್ಷಿಣ ಬ್ರೆಜಿಲ್‌ನ ಬೊಟುವೆರಾ ಗುಹೆ ಇಂಥ ಪ್ರಸಿದ್ಧ ದಾಖಲೆಗಳು. ಸುಮಾರು 23,000 ವರ್ಷಗಳ ಆವರ್ತದಲ್ಲಿ ಭೂಮಿಯ ಅಕ್ಷ ಬುಗುರಿಯಂತೆ ಓಲಾಡುವುದರಿಂದ ಯಾವ ಗೋಳಾರ್ಧದ ಬೇಸಿಗೆಗೆ ಹೆಚ್ಚು ಬಿಸಿಲು ಎಂಬುದು ಅದಲುಬದಲಾಗುತ್ತದೆ. ಚೀನಾದ ಗುಹೆ ಬಲವಾದ ಮಾನ್ಸೂನ್ ತೋರಿಸಿದ ಕಾಲದಲ್ಲಿ ಬ್ರೆಜಿಲ್ ದುರ್ಬಲ ಮಾನ್ಸೂನ್ ತೋರಿಸುತ್ತದೆ. ಸುಮಾರು 17,000 ವರ್ಷಗಳ ಹಿಂದೆ ಉತ್ತರ ಅಟ್ಲಾಂಟಿಕ್‌ಗೆ ಹಿಮಗಡ್ಡೆಗಳು ನುಗ್ಗಿ ಅಲ್ಲಿನ ಸಾಗರ ಪ್ರವಾಹ ಕುಗ್ಗಿದಾಗಲೂ ಹೀಗೇ: ಏಷ್ಯಾ ಒಣಗಿತು, ದಕ್ಷಿಣ ಬ್ರೆಜಿಲ್ ತೊಯ್ದಿತು.

ಇಲ್ಲೊಂದು ತಿರುವು. ಚೀನಾದ ಗುಹೆ ಬರೆದಿಟ್ಟದ್ದು ಚೀನಾದ ಮಳೆಯನ್ನಷ್ಟೇ ಅಲ್ಲ. ಅಲ್ಲಿಗೆ ತಲುಪುವ ಆವಿಯ ಒಂದು ಪಾಲು ಭಾರತ ಮತ್ತು ಬಂಗಾಳ ಕೊಲ್ಲಿ ಹಾದು ಬರುತ್ತದೆ. ದಾರಿಯಲ್ಲಿ ಮಳೆಯಾಗಿ ಸುರಿದಾಗ ಭಾರವಾದ ಆಮ್ಲಜನಕ ಮೊದಲು ಕಳಚಿಕೊಳ್ಳುತ್ತದೆ. ಭಾರತದಲ್ಲಿ ಹೆಚ್ಚು ಸುರಿದಷ್ಟೂ ಚೀನಾದ ಗುಹೆಗೆ ಹಗುರ ಆಮ್ಲಜನಕವೇ ಬರುತ್ತದೆ, ಸ್ಥಳೀಯ ಮಳೆ ಬದಲಾಗದಿದ್ದರೂ. ಎರಡು ಮಾನ್ಸೂನ್‌ಗಳು ಜೊತೆಜೊತೆಗೇ ಏರಿಳಿದವು ಎಂದು ಗುಹೆಗಳನ್ನು ಹೋಲಿಸಿ ಹೇಳುವವರು, ಒಂದೇ ಸಹಿಯನ್ನು ಎರಡು ಕಡೆ ಓದುತ್ತಿಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ಸಹಾರಾ ಸುಮಾರು 11,000ದಿಂದ 5,000 ವರ್ಷಗಳ ಹಿಂದಿನವರೆಗೆ ಹುಲ್ಲುಗಾವಲು, ಕೆರೆಗಳ ನಾಡಾಗಿತ್ತು. ಅದು ಮರಳಾದಾಗ ಬೆಳಕು ಹೆಚ್ಚು ಪ್ರತಿಫಲಿಸಿತು, ದೂಳು ಹೆಚ್ಚಿತು, ಉಷ್ಣವಲಯದ ಗಾಳಿಯ ಚಲನೆ ಬದಲಾಯಿತು. ಮಾದರಿಗಳಲ್ಲಿ ಹಸಿರು ಸಹಾರಾ ಇಟ್ಟರೆ ಏಷ್ಯಾದ ಮಾನ್ಸೂನ್‌ಗಳೂ ಬಲಗೊಳ್ಳುತ್ತವೆ. ಲಾವೋಸ್‌ನ ಗುಹೆಯೊಂದರಲ್ಲಿ ಸಹಾರಾ ಒಣಗಿದ ಕಾಲಕ್ಕೆ ಹೊಂದುವ ದೀರ್ಘ ಬರದ ಗುರುತು ಸಿಕ್ಕಿದೆ. ಇಂದು ಆ ಹಸಿರು ಇಲ್ಲ, ಹಾಗಾಗಿ ಆ ದಾರಿಯ ನಂಟೂ ಅಂದಿನಂತೆ ಇಲ್ಲ.

ಮುಂದಿನ ದಶಕಗಳು, ಮತ್ತು ಮುನ್ಸೂಚನೆಯ ನಕ್ಷೆ

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ಆವಿ ಹಿಡಿಯುತ್ತದೆ. ಅದೇ ಹೊತ್ತಿಗೆ ಉಷ್ಣವಲಯದ ಗಾಳಿಯ ಚಲನೆ ನಿಧಾನಿಸುತ್ತದೆ. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿಯ ಆರನೇ ವರದಿ ದಕ್ಷಿಣ ಏಷ್ಯಾ, ಪೂರ್ವ ಏಷ್ಯಾ, ಸಹೇಲ್‌ನ ಮಧ್ಯ–ಪೂರ್ವ ಭಾಗಗಳ ಮಳೆ ಹೆಚ್ಚುತ್ತದೆ, ಸಹೇಲ್‌ನ ಪಶ್ಚಿಮ ತುದಿಯಲ್ಲಿ ಇಳಿಯುತ್ತದೆ ಎನ್ನುತ್ತದೆ. ನಂಟುಗಳ ಲೆಕ್ಕ ಇಷ್ಟು ಸಲೀಸಲ್ಲ. ತೇವ ಹೆಚ್ಚಿದರೆ ಒಲೆ ಬಲಗೊಳ್ಳಬಹುದು, ಜೆಟ್ ಜರುಗಿದರೆ ಅದೇ ಒಲೆಯ ಅಲೆ ಬೇರೆ ಊರಿಗೆ ಹೋಗಬಹುದು. 2022ರಲ್ಲಿ ಪಾಕಿಸ್ತಾನದ ಸಿಂಧ್ ಮುಳುಗಿದ ಬೇಸಿಗೆಯಲ್ಲೇ ಯಾಂಗ್ಟ್ಸೆ ಕಣಿವೆ ಎರಡು ತಿಂಗಳಿಗೂ ಹೆಚ್ಚು ಕಾಲ ಬಿಸಿಗಾಳಿಯಲ್ಲಿ ಬೆಂದಿತು. ಭಾರತ ಉಪಖಂಡದಲ್ಲಿ ಮಳೆ ಬೀಳುವ ಜಾಗ ಪಶ್ಚಿಮಕ್ಕೆ ಸರಿದರೆ ಪೂರ್ವ ಏಷ್ಯಾದ ಮೇಲಿನ ಪರಿಣಾಮವೂ ಸರಿಯುತ್ತದೆ ಎಂಬ ಶಂಕೆಗೆ ಅದು ಬಲ ಕೊಟ್ಟಿದೆ.

ಕರ್ನಾಟಕದವರಿಗೆ ಒಂದು ವಿಶೇಷ ತೊಡಕು ಇದೆ. ಎಲ್ ನಿನೊ ಮುಂಗಾರನ್ನು ಕಿತ್ತುಕೊಂಡರೂ ಅಕ್ಟೋಬರ್–ಡಿಸೆಂಬರ್‌ನ ಹಿಂಗಾರಿಗೆ ದಕ್ಷಿಣ ಪರ್ಯಾಯ ದ್ವೀಪದಲ್ಲಿ ನೆರವಾಗುವುದೇ ಹೆಚ್ಚು. ಚಾಮರಾಜನಗರ, ಕೋಲಾರದ ಕಡೆ ವರ್ಷದ ಮಳೆಯಲ್ಲಿ ಸೆಪ್ಟೆಂಬರ್–ಅಕ್ಟೋಬರ್ ಪಾಲು ದೊಡ್ಡದು. ಆದ್ದರಿಂದ ‘ಈ ಸಲ ಎಲ್ ನಿನೊ, ಮಳೆ ಇಲ್ಲ’ ಎಂಬ ಮಾತು ಕಲಬುರಗಿಯ ತೊಗರಿಗೆ ಹೊಂದುವಷ್ಟು ಅಲ್ಲಿನ ರಾಗಿಗೆ ಹೊಂದುವುದಿಲ್ಲ.

ಹವಾಮಾನ ಇಲಾಖೆ ಈಗ ಹಳೆಯ ಸಹಸಂಬಂಧಗಳನ್ನೇ ನೆಚ್ಚಿ ಕೂತಿಲ್ಲ. ಸಾಗರ–ವಾತಾವರಣವನ್ನು ಕೂಡಿಸಿ ಓಡಿಸುವ ಮಾದರಿಗಳ ಗುಂಪನ್ನು 2021ರಿಂದ ಬಳಸುತ್ತಿದೆ. ಏಪ್ರಿಲ್ ನಡುವಿನಲ್ಲಿ ಮೊದಲ ಮುನ್ಸೂಚನೆ, ಮೇ ಕೊನೆಗೆ ಪರಿಷ್ಕೃತದ್ದು. ಏಪ್ರಿಲ್‌ನದಕ್ಕೆ ±5 ಶೇಕಡಾ ಅಂಕಗಳ ದೋಷ ಇಟ್ಟುಕೊಳ್ಳುತ್ತದೆ, ಮೇ ಕೊನೆಯದಕ್ಕೆ ±4. ಶೇ 96ರಿಂದ 104 ಸಾಮಾನ್ಯ ಮಳೆ ಎಂಬ ವರ್ಗವೇ ಎಂಟು ಅಂಕಗಳಷ್ಟು ಅಗಲ ಎಂಬುದನ್ನು ನೆನಪಿಟ್ಟುಕೊಂಡರೆ ಆ ಒಂದು ಅಂಕಿಯಿಂದ ತಾಲ್ಲೂಕಿನ ಬಿತ್ತನೆ ನಿರ್ಧರಿಸುವುದು ಎಷ್ಟು ಅಪಾಯ ಎಂದು ಗೊತ್ತಾಗುತ್ತದೆ. ಅಂಕಿಯ ಜೊತೆ ಕೊಡುವ ನಕ್ಷೆ ನೋಡಿ. ಸರಾಸರಿಗಿಂತ ಹೆಚ್ಚು, ಸರಾಸರಿ, ಸರಾಸರಿಗಿಂತ ಕಡಿಮೆ ಎಂಬ ಮೂರರಲ್ಲಿ ಯಾವುದರ ಸಾಧ್ಯತೆ ಹೆಚ್ಚೆಂದು ಅಲ್ಲಿ ಬಣ್ಣಗಳು ಹೇಳುತ್ತವೆ. ನಿಮ್ಮ ಜಿಲ್ಲೆ ಬಿಳಿಯಾಗಿದ್ದರೆ ಸಾಮಾನ್ಯ ಮಳೆ ಬರುತ್ತದೆಂದು ಅರ್ಥವಲ್ಲ. ಮೂರಕ್ಕೂ ಸಮಾನ ಅವಕಾಶ ಇದೆ, ಆ ಜಾಗದ ಬಗ್ಗೆ ಮಾದರಿಗಳ ಬಳಿ ಹೇಳಲು ಏನೂ ಇಲ್ಲ ಎಂದರ್ಥ.